ಕುಡಿತ ಬಿಡಲು ಮನೆ ಬಿಡಲೇಬೇಕೇ?

ಅಂದು ತರಗತಿ ಮುಗಿದಿತ್ತು. ಎಲ್ಲರೂ ಪುಸ್ತಕ ಮಡಚಿ ಹೊರಟರು. ಒಬ್ಬ ಅಕ್ಕ ಮಾತ್ರ ಕೂತೇ ಇದ್ದರು. ಅವರು ಬೀಡಿ ಕಟ್ಟುವವರು. ಗಂಡ ಕಲ್ಲು ಕಟ್ಟುವ ಮೇಸ್ತ್ರಿ. ಒಳ್ಳೆಯ ಕೆಲಸಗಾರ. ಆದರೆ ಬೆಳಿಗ್ಗೆ ಸ್ವಲ್ಪ ಕುಡಿಯದಿದ್ದರೆ ಅವರ ಕೈ ನಡುಗುತ್ತದೆ. ಕರಣೆ ಹಿಡಿಯಲು ಆಗುವುದಿಲ್ಲ.

"ಟೀಚರೇ, ಇವರನ್ನು ದೂರದ ಸೆಂಟರಿಗೆ ಸೇರಿಸಿ ಅಂತ ಎಲ್ಲರೂ ಹೇಳ್ತಾರೆ. ಮೂರು ತಿಂಗಳು ಅಲ್ಲೇ ಇರಬೇಕಂತೆ. ಅಷ್ಟು ಹಣ ಎಲ್ಲಿಂದ ತರುವುದು? ಇವರು ಹೋಗಲಿಕ್ಕೂ ಒಪ್ಪುವುದಿಲ್ಲ. ಬೇರೆ ದಾರಿ ಉಂಟಾ?" ಎಂದು ಕೇಳಿದರು.

"ಉಂಟು ಅಕ್ಕಾ" ಅಂದೆ. ಆ ದಾರಿಗಳು ಯಾವುವು? ಯಾರಿಗೆ ಯಾವುದು ಸರಿ? ಎಲ್ಲರೂ ತಿಳಿಯಲಿ ಎಂದು ಇಲ್ಲಿ ಬರೆದಿದ್ದೇನೆ.

ಇದು ಕಾಯಿಲೆ

ಕುಡಿತದ ಚಟ ಬರೀ ಕೆಟ್ಟ ಬುದ್ಧಿ ಅಲ್ಲ. ಅದು ಕಾಯಿಲೆ. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಷೇಧ ಆಯಿತು. ಸಾರಾಯಿ ಅಂಗಡಿ ಮುಚ್ಚಿತು. ಆದರೆ ಕುಡಿತ ನಿಂತಿತೇ? ಇಲ್ಲ. ಅಂಗಡಿ ಮುಚ್ಚಿದರೆ ಸಾಲದು, ಕಾಯಿಲೆಗೆ ಮದ್ದೂ ಬೇಕು.

2019ರಲ್ಲಿ ಕೇಂದ್ರ ಸರಕಾರದ ಒಂದು ಸಮೀಕ್ಷೆಯ ವರದಿ ಬಂತು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಎಂದು ಅದು ಹೇಳಿತು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ಉಳಿದವರು ಏನು ಮಾಡಬೇಕು? ಅದಕ್ಕೇ ಹತ್ತಿರದ ದಾರಿಗಳು ಬೇಕು.

ಮೊದಲು ಒಂದು ಎಚ್ಚರಿಕೆ

"ನಾಳೆಯಿಂದ ಒಂದು ಹನಿ ಕೊಡಬೇಡಿ, ಕೋಣೆಯಲ್ಲಿ ಹಾಕಿ ಬೀಗ ಹಾಕಿ" ಅಂತ ಕೆಲವರು ಹೇಳುತ್ತಾರೆ. ಹಾಗೆ ಮಾಡಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಕೊನೆಯ ಸಲ ಕುಡಿದು ಆರೇಳು ಗಂಟೆಯಲ್ಲಿ ಕೈ ನಡುಗುತ್ತದೆ. ಬೆವರು ಬರುತ್ತದೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಮಾತು ತಪ್ಪುತ್ತದೆ. ಮನೆಯವರ ಗುರುತೂ ಸಿಗುವುದಿಲ್ಲ. ಮೈಮೇಲೆ ಏನೋ ಬಂದಿದೆ ಎಂದು ತಿಳಿದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರಿಯಾದ ಮದ್ದು ಕೊಟ್ಟರೆ ಇದನ್ನು ತಡೆಯಬಹುದು. ಹಾಗಾಗಿ ಯಾವ ದಾರಿ ಹಿಡಿದರೂ ಮೊದಲು ಡಾಕ್ಟರನ್ನು ಕಾಣಬೇಕು.

ಒಂದನೇ ದಾರಿ: ಹೋಗಿ ಬರುವ ಚಿಕಿತ್ಸೆ

ಎಲ್ಲರೂ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಚಟ ತೀರಾ ಹೆಚ್ಚಾಗಿಲ್ಲದಿದ್ದರೆ, ಮೊದಲು ಫಿಟ್ಸ್ ಬಂದಿಲ್ಲದಿದ್ದರೆ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದರೆ, ಹೋಗಿ ಬಂದು ಮದ್ದು ಮಾಡಬಹುದು. ಕೆಲವು ದಿನ ನಡುಕ ತಡೆಯುವ ಮಾತ್ರೆ ಕೊಡುತ್ತಾರೆ. ಬಿ-1 ವಿಟಮಿನ್ ಕೊಡುತ್ತಾರೆ. ಆಮೇಲೆ ಕುಡಿಯುವ ಆಸೆ ಕಡಿಮೆ ಮಾಡುವ ಮಾತ್ರೆಗಳೂ ಉಂಟು. ಜೊತೆಗೆ ಕೂತು ಮಾತಾಡಿ ಧೈರ್ಯ ಹೇಳುತ್ತಾರೆ.

ಕೇರಳ ಸರಕಾರ 2016ರಲ್ಲಿ 'ವಿಮುಕ್ತಿ' ಎಂಬ ಯೋಜನೆ ಶುರು ಮಾಡಿತು. ಇದರ ಚಿಕಿತ್ಸಾ ಕೇಂದ್ರಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಂಟು. ಕಾಸರಗೋಡು ಜಿಲ್ಲೆಯವರಿಗೆ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ ಉಂಟು. ವಯನಾಡಿನವರಿಗೆ ಕಲ್ಪೆಟ್ಟದಲ್ಲಿ ಉಂಟು. ವಿಮುಕ್ತಿಯ ಫೋನ್ ನಂಬ್ರ 14405.

ಎರಡನೇ ದಾರಿ: ಊರಿನ ಶಿಬಿರ

ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಎಂಬವರಿದ್ದಾರೆ. ಅವರ ಗಂಡ ಕುಡಿತದಿಂದ ತೀರಿಕೊಂಡರು. ಅವರು ಅಳುತ್ತಾ ಕೂರಲಿಲ್ಲ. 1980ರಲ್ಲಿ ಕುಡಿತ ಬಿಡಿಸುವ ಆಸ್ಪತ್ರೆ ತೆರೆದರು. ಹಳ್ಳಿಯ ಬಡವರು ಅಷ್ಟು ದೂರ ಬರುವುದು ಹೇಗೆ? ಅದಕ್ಕೆ 1989ರಲ್ಲಿ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲೇ ಶಿಬಿರ ನಡೆಸಿದರು. ರೋಗಿ ಪೇಟೆಗೆ ಹೋಗಲಿಲ್ಲ. ಆಸ್ಪತ್ರೆಯೇ ಹಳ್ಳಿಗೆ ಬಂತು!

ನಮ್ಮ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಹೆಚ್ಚಿನವರಿಗೆ ಗೊತ್ತು. ಇದು 8 ದಿನದ ಶಿಬಿರ. ಊರಿನ ಸಭಾಭವನದಲ್ಲಿ ನಡೆಯುತ್ತದೆ. ಊಟ, ವ್ಯಾಯಾಮ, ಭಜನೆ, ತಿಳುವಳಿಕೆಯ ಮಾತು ಎಲ್ಲ ಇರುತ್ತದೆ. ಬಿಟ್ಟವರು ಆಮೇಲೆ 'ನವಜೀವನ ಸಮಿತಿ'ಯಲ್ಲಿ ಸೇರುತ್ತಾರೆ. ಶಿಬಿರ ಮುಗಿದ ಮೇಲೆ ಇಂಥ ಸಮಿತಿಗೆ ಹೋಗುವುದೇ ಮುಖ್ಯ. ಎಂಟು ದಿನ ಬಿಡುವುದು ಸುಲಭ. ಒಂಬತ್ತನೇ ದಿನ ಕಷ್ಟ.

ಮೂರನೇ ದಾರಿ: ಬಿಟ್ಟವರ ಕೂಟ

1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಲ್ಲಿ ಇಬ್ಬರು ಕುಡುಕರು ಭೇಟಿಯಾದರು. ಒಬ್ಬರು ವ್ಯಾಪಾರದವರು, ಒಬ್ಬರು ಡಾಕ್ಟರು. ಒಬ್ಬರಿಗೊಬ್ಬರು ತಮ್ಮ ಕಷ್ಟ ಹೇಳಿಕೊಂಡರು. ಕುಡಿತ ಬಿಡಲು ಅದರಿಂದ ಬಲ ಬಂತು. ಹೀಗೆ 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿತು. ಚಿಕ್ಕದಾಗಿ 'ಎ.ಎ.' ಎನ್ನುತ್ತಾರೆ. ಈಗ ಕೇರಳ, ಕರ್ನಾಟಕದಲ್ಲೂ ಇದರ ಕೂಟಗಳು ನಡೆಯುತ್ತವೆ.

ಇಲ್ಲಿ ಫೀಸು ಇಲ್ಲ. ಜಾತಿ ಕೇಳುವುದಿಲ್ಲ. ಬಂದವರ ಸಂಗತಿ ಹೊರಗೆ ಹೇಳುವುದಿಲ್ಲ. ಬಿಡಬೇಕೆಂಬ ಆಸೆ ಇದ್ದರೆ ಸಾಕು. "ಜೀವಮಾನ ಇಡೀ ಕುಡಿಯುವುದಿಲ್ಲ" ಎಂದು ಆಣೆ ಹಾಕಬೇಕಾಗಿಲ್ಲ. "ಇವತ್ತು ಒಂದು ದಿನ ಕುಡಿಯುವುದಿಲ್ಲ" ಎಂದರೆ ಆಯಿತು. ನಾಳೆ ಮತ್ತೆ ಅದನ್ನೇ ಹೇಳುವುದು. ಮನೆಯವರಿಗೂ 'ಅಲ್-ಅನಾನ್' ಎಂಬ ಬೇರೆ ಕೂಟ ಉಂಟು.

ಯಾರು ಆಸ್ಪತ್ರೆಗೆ ಸೇರಲೇಬೇಕು?

ಮೊದಲು ಫಿಟ್ಸ್ ಬಂದವರು, ಬಿಟ್ಟಾಗ ಬುದ್ಧಿ ತಪ್ಪಿದವರು, ಲಿವರ್ ಕೆಟ್ಟವರು, ಸಾಯುವ ಮಾತಾಡುವವರು, ಮನೆಯಲ್ಲಿ ನೋಡುವ ಜನ ಇಲ್ಲದವರು. ಇವರಿಗೆ ಮನೆಮದ್ದು, ಶಿಬಿರ ಸಾಲದು. ಆಸ್ಪತ್ರೆಗೆ ಸೇರಿಸಿ.

ಮೋಸ ಹೋಗಬೇಡಿ

"ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಈ ಪುಡಿ ಹಾಕಿ" ಎನ್ನುವವರು ಇದ್ದಾರೆ. ಖಂಡಿತ ಬೇಡ. ಡೈಸಲ್ಫಿರಾಂ ಎಂಬ ಮದ್ದು ಉಂಟು. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿ, ಉಸಿರುಕಟ್ಟು, ಎದೆನೋವು ಬರುತ್ತದೆ. ಜೀವವೂ ಹೋಗಬಹುದು. ತಿನ್ನುವವರಿಗೆ ಗೊತ್ತಿದ್ದು, ಒಪ್ಪಿ, ಡಾಕ್ಟರು ಹೇಳಿದರೆ ಮಾತ್ರ ಕೊಡಬೇಕು.

ಸರಪಳಿ ಹಾಕುವ, ಹೊಡೆಯುವ ಜಾಗಕ್ಕೂ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿಯಲ್ಲಿ ಕಟ್ಟುವುದು ತಪ್ಪು. ಸೇರಿಸುವ ಮೊದಲು ಕೇಳಿ: ಡಾಕ್ಟರು ಇದ್ದಾರಾ? ಸರಕಾರದ ನೋಂದಣಿ ಉಂಟಾ? ಮನೆಯವರು ಬಂದು ನೋಡಬಹುದಾ?

ಚೀಟಿ ಬರೆಯಿರಿ

ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ. ಮೊದಲೇ ಬರೆದುಕೊಳ್ಳಿ.

1. ಎಷ್ಟು ವರ್ಷದಿಂದ ಕುಡಿಯುತ್ತಾರೆ?
2. ದಿನಕ್ಕೆ ಎಷ್ಟು? ಯಾವ ಹೊತ್ತಿಗೆ?
3. ಕೊನೆಗೆ ಕುಡಿದದ್ದು ಯಾವಾಗ?
4. ನಡುಕ, ಫಿಟ್ಸ್ ಬಂದಿದೆಯಾ?
5. ಬೇರೆ ಕಾಯಿಲೆ, ಬೇರೆ ಮದ್ದು ಉಂಟಾ?

ಆ ಅಕ್ಕ ಹೀಗೇ ಬರೆದರು. ಒತ್ತಕ್ಷರ ಎರಡು ಕಡೆ ತಪ್ಪಿತ್ತು. ಚಿಂತೆ ಇಲ್ಲ. ಚೀಟಿ ನೋಡಿ ಡಾಕ್ಟರಿಗೆ ಓದಿ ಹೇಳಿದರು. ಗಂಡ ಹೋಗಿ ಬಂದು ಮದ್ದು ಮಾಡಿದರು. ಎರಡು ತಿಂಗಳು ಕುಡಿಯಲಿಲ್ಲ. ಆಮೇಲೆ ಒಂದು ಮದುವೆ ಮನೆಯಲ್ಲಿ ಮತ್ತೆ ಕುಡಿದರು.

ಅಕ್ಕ ಅವತ್ತು ಬೈಯಲಿಲ್ಲ. ಕುಡಿದ ಹೊತ್ತಲ್ಲಿ ಬೈದರೆ ಜಗಳ ಮಾತ್ರ. ಮರುದಿನ ಬೆಳಿಗ್ಗೆ ಅದೇ ಚೀಟಿ ತೆಗೆದು, "ಬನ್ನಿ, ಇನ್ನೊಮ್ಮೆ ಹೋಗುವ" ಅಂದರು. ಹೋದರು. ಈಗ ಮತ್ತೆ ಬಿಟ್ಟಿದ್ದಾರೆ. ಮುಂದೆ ಹೇಗೋ, ದಿನ ದಿನ ನೋಡಬೇಕು. ಜಾರಿ ಬಿದ್ದದ್ದು ಸೋಲಲ್ಲ. ಏಳದೆ ಇದ್ದರೆ ಸೋಲು.

ನೆನಪಿಡಿ: ಚಟ ಬಿಡಲು ಸಹಾಯಕ್ಕೆ ದೇಶದ ಉಚಿತ ಫೋನ್ ನಂಬ್ರ 14446. ಮನಸ್ಸಿನ ಕಷ್ಟ ಹೇಳಿಕೊಳ್ಳಲು 'ಟೆಲಿ ಮಾನಸ್' 14416. ಇಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಯೋಚಿಸಿ, ಹೇಳಿ:
1. ದಿನವೂ ಕುಡಿಯುವವರನ್ನು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ?
2. ಗೊತ್ತಾಗದ ಹಾಗೆ ಮದ್ದು ಹಾಕುವುದು ಯಾಕೆ ತಪ್ಪು?
3. ನಿಮ್ಮ ಊರಿಗೆ ಯಾವ ದಾರಿ ಹತ್ತಿರ?