ಒಬ್ಬರೇ ಹೊರಡುವ ಮೊದಲ ಊರು ಯಾವುದಾಗಿರಬೇಕು?

ನಿಟ್ಟೆಯಲ್ಲೋ ಮಣಿಪಾಲದಲ್ಲೋ ಕಲಿಯುತ್ತಿರುವ ಮಗಳಿಗೆ ಬೆಂಗಳೂರಿನ ಕಂಪೆನಿಯೊಂದರಿಂದ ಸಂದರ್ಶನದ ಕರೆ ಬರುತ್ತದೆ. ಮಗನಿಗೆ ಗಲ್ಫ್‌ನ ವೀಸಾ ಸಿಗುತ್ತದೆ. ಮಕ್ಕಳೆಲ್ಲ ದೂರದಲ್ಲಿರುವ ಉಮ್ಮನಿಗೆ ಒಬ್ಬರೇ ಮೈಸೂರಿನ ತಂಗಿಯ ಮನೆಗೆ ಹೋಗಬೇಕಾಗುತ್ತದೆ. ಅದುವರೆಗೆ ಯಾರ ಜೊತೆಯೂ ಇಲ್ಲದೆ ಕಾರ್ಕಳ ಪೇಟೆಯನ್ನೂ ದಾಟಿರದವರು ಒಮ್ಮೆಲೇ ದೂರದ ಬಸ್ಸು ಹತ್ತುತ್ತಾರೆ. ದಾರಿಯುದ್ದಕ್ಕೂ ನೀರು ಕುಡಿಯುವುದಿಲ್ಲ, ಮೂತ್ರಕ್ಕೆ ಇಳಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ. ಬೆಳಿಗ್ಗೆ ಊರು ತಲಪುವಾಗ ತಲೆನೋವು, ವಾಂತಿ, ಉರಿಮೂತ್ರ ಜೊತೆಗಿರುತ್ತವೆ. ಸಂದರ್ಶನದ ಕೋಣೆಗೆ ಹೋಗುವುದು ಕಾಯಿಲೆಯ ಶರೀರ. ಆಮೇಲೆ ಮನೆಯಲ್ಲಿ, "ಇವಳಿಗೆ ಪ್ರಯಾಣ ಆಗುವುದಿಲ್ಲ" ಎಂಬ ಮಾತು ಹುಟ್ಟುತ್ತದೆ. ಒಂದು ಕೆಟ್ಟ ಪ್ರಯಾಣದಿಂದ ಮುಂದಿನ ಹಲವು ಬಾಗಿಲುಗಳು ಮುಚ್ಚಿಬಿಡುತ್ತವೆ.

ಆದ್ದರಿಂದ ಒಬ್ಬರೇ ಮಾಡುವ ಮೊದಲ ಪ್ರಯಾಣ ಅಗತ್ಯದ ದಿನವೇ ಆಗಬಾರದು. ಅದಕ್ಕೆ ಮೊದಲೇ, ಏನೂ ಅವಸರವಿಲ್ಲದ ಒಂದು ದಿನ, ಸುಲಭದ ಊರೊಂದಕ್ಕೆ ಹೋಗಿ ಬರಬೇಕು. ಆ ಊರನ್ನು ಅಲ್ಲಿ ನೋಡಲು ಏನಿದೆ ಎಂದು ಕೇಳಿ ಆಯ್ದುಕೊಳ್ಳಬೇಡಿ. ಅಲ್ಲಿ ನಿಮ್ಮ ಶರೀರಕ್ಕೆ ಏನು ಸಿಗುತ್ತದೆ ಎಂದು ಕೇಳಿ ಆಯ್ದುಕೊಳ್ಳಿ.

ಮಹಿಳೆ ಮಹ್ರಮ್ ಇಲ್ಲದೆ ದೂರ ಪ್ರಯಾಣ ಮಾಡುವ ಕುರಿತು ವಿದ್ವಾಂಸರಲ್ಲಿ ಅಭಿಪ್ರಾಯಭೇದಗಳಿವೆ. ಅದನ್ನು ಮನೆಯ ಹಿರಿಯರಲ್ಲಿ, ನೀವು ನಂಬುವ ಉಸ್ತಾದರಲ್ಲಿ ಕೇಳಿ ತೀರ್ಮಾನಿಸಿಕೊಳ್ಳಿ. ಇಲ್ಲಿ ಹೇಳುವ ಆರೋಗ್ಯದ ಮಾತುಗಳು ಕಾಲೇಜಿನ ಬಸ್ಸಿಗೂ ಹಜ್ಜ್‌ನ ವಿಮಾನಕ್ಕೂ, ಗಂಡಿಗೂ ಹೆಣ್ಣಿಗೂ ಅನ್ವಯಿಸುತ್ತವೆ.

ಮೂತ್ರ ತಡೆಯಬೇಡಿ

ಒಬ್ಬರೇ ಪ್ರಯಾಣಿಸುವ ಹೆಣ್ಣುಮಕ್ಕಳು ಮಾಡುವ ಸಾಮಾನ್ಯ ತಪ್ಪು ಇದು. ಶೌಚಾಲಯ ಹೇಗಿರುತ್ತದೋ ಎಂಬ ಭಯದಿಂದ ನೀರನ್ನೇ ಬಿಡುತ್ತಾರೆ. ನೀರು ಕಡಿಮೆಯಾದರೆ ಮೂತ್ರ ದಪ್ಪವಾಗುತ್ತದೆ. ತಾಸುಗಟ್ಟಲೆ ತಡೆದಾಗ ಮೂತ್ರಕೋಶದೊಳಗೆ ಸೇರಿದ ರೋಗಾಣುಗಳು ಹೊರಹೋಗದೆ ಅಲ್ಲೇ ಬೆಳೆಯುತ್ತವೆ. ಮಹಿಳೆಯರ ಮೂತ್ರನಾಳ ಗಿಡ್ಡವಾಗಿರುವುದರಿಂದ ಸೋಂಕು ಬೇಗ ಒಳಗೇರುತ್ತದೆ. ಉರಿ, ಮತ್ತೆ ಮತ್ತೆ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಇದರ ಲಕ್ಷಣಗಳು. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಶುಚಿತ್ವವನ್ನು ಈಮಾನಿನ ಭಾಗವೆಂದು ಕಲಿಸಿದ ಧರ್ಮ ನಮ್ಮದು. ಮಲಮೂತ್ರದ ಒತ್ತಡ ತಡೆದುಕೊಂಡು ನಮಾಝ್‌ಗೆ ನಿಲ್ಲುವುದನ್ನೂ ಪ್ರವಾದಿ(ಸ) ಬೇಡವೆಂದಿದ್ದಾರೆ. ನಮಾಝ್‌ಗಾಗಿಯೇ ತಡೆಯಬಾರದೆಂದ ಮೇಲೆ ನಾಚಿಕೆಗಾಗಿ ತಡೆಯುವುದರಲ್ಲಿ ಅರ್ಥವಿಲ್ಲ. ಗಂಟೆಗೊಮ್ಮೆ ಕೆಲವು ಗುಟುಕು ನೀರು ಕುಡಿಯಿರಿ. ಮೂರು ನಾಲ್ಕು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಬುರ್ಖಾದ ಅಂಚು ಒದ್ದೆ ನೆಲಕ್ಕೆ ತಾಗದಂತೆ ಮೇಲೆತ್ತಿ ಸಿಕ್ಕಿಸಿಕೊಳ್ಳಲು ಎರಡು ಸೇಫ್ಟಿ ಪಿನ್ ಸಾಕು.

ಊರನ್ನು ಅಳೆಯುವ ಆರು ಪ್ರಶ್ನೆಗಳು

1. ಹಗಲಿನಲ್ಲೇ ತಲಪಬಹುದೇ? ಒಬ್ಬರೇ ಹೋಗುವ ಮೊದಲ ಊರಿಗೆ ಕತ್ತಲಾದ ಮೇಲೆ ಕಾಲಿಡಬೇಡಿ.

2. ಒಂದೇ ವಾಹನದಲ್ಲಿ, ಹೆಚ್ಚೆಂದರೆ ಒಮ್ಮೆ ಬದಲಾಯಿಸಿ ಹೋಗಬಹುದೇ? ಮರಳಲು ಒಂದು ಬಸ್ಸು ತಪ್ಪಿದರೆ ಇನ್ನೊಂದು ಇದೆಯೇ?

3. ಸ್ವಚ್ಛ ಶೌಚಾಲಯ ಎಲ್ಲಿದೆ? ಬಸ್ ನಿಲ್ದಾಣ ಬಿಟ್ಟರೆ ದೊಡ್ಡ ಹೊಟೇಲು, ಆಸ್ಪತ್ರೆ, ವಸ್ತುಸಂಗ್ರಹಾಲಯ ಇವುಗಳಲ್ಲಿ ಯಾವುದಾದರೂ ಹತ್ತಿರವಿದೆಯೇ?

4. ಬಿಸಿಬಿಸಿ ಊಟ ಮತ್ತು ನಂಬಬಹುದಾದ ನೀರು ಸಿಗುತ್ತದೆಯೇ?

5. ಅರ್ಧ ಗಂಟೆಯೊಳಗೆ ಆಸ್ಪತ್ರೆ ಮುಟ್ಟಬಹುದೇ? ಮೊಬೈಲ್ ಸಿಗ್ನಲ್ ಇದೆಯೇ?

6. ಅಲ್ಲಿನವರ ಭಾಷೆ ನಿಮಗೆ ಬರುತ್ತದೆಯೇ? ಹೊಟ್ಟೆನೋವು ಎಂದು ಹೇಳಲು ತಿಳಿಯದ ಊರು ಮೊದಲ ಬಾರಿಗೆ ಬೇಡ.

ಆರಕ್ಕೂ ಹೌದು ಎಂಬ ಉತ್ತರ ಸಿಗುವ ಊರುಗಳು ನಮ್ಮ ಸುತ್ತಲೇ ಇವೆ. ಅವನ್ನು ಮೂರು ಮೆಟ್ಟಿಲುಗಳಾಗಿ ಹತ್ತಬಹುದು.

ಮೊದಲ ಮೆಟ್ಟಿಲು: ಕಾರ್ಕಳ, ಅರ್ಧ ದಿನ

ನಿಟ್ಟೆಯವರಿಗೆ ಕಾರ್ಕಳ ಹೊಸ ಊರಲ್ಲ. ಆದರೆ ದಿನಾ ಬಸ್ಸಿನಲ್ಲಿ ದಾಟುವ ಊರಿನಲ್ಲಿ ಒಬ್ಬರೇ ಅರ್ಧ ದಿನ ಕಳೆಯುವುದು ಬೇರೆಯೇ ಅನುಭವ. 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಮೂರ್ತಿ, ಅದರೆದುರಿಗೆ 1586ರ ಚತುರ್ಮುಖ ಬಸದಿ, ಆನೆಕೆರೆ, ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿ ಎಲ್ಲವೂ ಹತ್ತಿರದಲ್ಲೇ ಇವೆ. ಸರಕಾರಿ ತಾಲೂಕು ಆಸ್ಪತ್ರೆ ಊರಿನಲ್ಲೇ ಇದೆ.

ಇಲ್ಲಿ ಕಲಿಯಬೇಕಾದದ್ದು ಬಿಸಿಲಿನ ಲೆಕ್ಕ. ಗೊಮ್ಮಟ ಬೆಟ್ಟ ಬರೀ ಬಂಡೆ. ಬೆಳಿಗ್ಗೆ ಒಂಬತ್ತರೊಳಗೆ ಹತ್ತಿ ಇಳಿಯಿರಿ. ಹೊತ್ತೇರಿದರೆ ಕಲ್ಲು ಸುಡುತ್ತದೆ, ಬರಿಗಾಲಿನಲ್ಲಿ ನಡೆಯಲಾಗದು. ಕಪ್ಪು ಬುರ್ಖಾ ಧರಿಸುವವರು ತೆಳು ಹತ್ತಿಯದನ್ನು ಆರಿಸಿಕೊಳ್ಳಿ. ತಲೆ ಸುತ್ತಿದರೆ, ಬೆವರು ನಿಂತು ಮೈ ಬಿಸಿಯಾದರೆ ನೆರಳಿಗೆ ಬಂದು ಮುಖ, ಕತ್ತು ಒದ್ದೆ ಮಾಡಿಕೊಳ್ಳಿ, ಹತ್ತಿರ ಇರುವವರಿಗೆ ಹೇಳಿ. ಕೆಳಗಿಳಿದ ಮೇಲೆ ಒಂದು ಬೊಂಡ ಕುಡಿಯಿರಿ.

ಎರಡನೆಯ ಮೆಟ್ಟಿಲು: ಮಣಿಪಾಲ ಮತ್ತು ಉಡುಪಿ, ಇಡೀ ದಿನ

ಕಾರ್ಕಳದಿಂದ ಹಿರಿಯಡ್ಕ ದಾರಿಯಾಗಿ ಉಡುಪಿಗೆ ಹೋಗುವ ಬಸ್ಸು ಮಣಿಪಾಲದ ಮೂಲಕವೇ ಸಾಗುತ್ತದೆ. ಅಲ್ಲಿಂದ ಉಡುಪಿಗೆ ಸಿಟಿ ಬಸ್ಸುಗಳು ಒಂದರ ಹಿಂದೆ ಒಂದಿವೆ. ಆರು ಪ್ರಶ್ನೆಗಳಲ್ಲಿ ಆಸ್ಪತ್ರೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಕರಾವಳಿಯಲ್ಲಿ ಸಿಗುವುದು ಕಷ್ಟ.

ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ಮತ್ತು ರೋಗಶಾಸ್ತ್ರ ವಸ್ತುಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು. ಮನುಷ್ಯನ ಹೃದಯ, ಮೂತ್ರಪಿಂಡ, ಶ್ವಾಸಕೋಶ ಹೇಗಿರುತ್ತವೆ, ರೋಗ ಬಂದಾಗ ಹೇಗಾಗುತ್ತವೆ ಎಂಬುದನ್ನು ಕಣ್ಣಾರೆ ಕಾಣಬಹುದು. ಒಬ್ಬರೇ ನಿಧಾನವಾಗಿ ನೋಡಲು ತಕ್ಕ ಜಾಗ. ಶರೀರವೆಂಬ ಅಮಾನತ್ತನ್ನು ಹೇಗೆ ಕಾಪಾಡಬೇಕೆಂದು ಭಾಷಣಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಊಟದ ಪಾಠ ಉಡುಪಿಯಲ್ಲಿ. ಹಲಾಲ್ ಹೊಟೇಲು ಹುಡುಕುತ್ತಾ ಮೂರು ಗಂಟೆಯವರೆಗೆ ಹಸಿದಿರುವವರಿದ್ದಾರೆ. ಅದರ ಅಗತ್ಯವಿಲ್ಲ. ಹಬೆಯಾಡುವ ಇಡ್ಲಿ, ಕಾವಲಿಯಿಂದ ಇಳಿದ ದೋಸೆ, ಬಿಸಿ ಅನ್ನ ಸಾರು ಸಂಶಯವಿಲ್ಲದ ಊಟ, ಹೊಟ್ಟೆಗೂ ಕ್ಷೇಮ. ಕತ್ತರಿಸಿಟ್ಟ ಹಣ್ಣು, ಪಾನಿಪೂರಿಯ ನೀರು, ಐಸ್ ಹಾಕಿದ ಶರಬತ್ತು, ತಣ್ಣಗಾದ ಚಟ್ನಿ ಬಿಡಿ. ಬಾಟಲಿ ನೀರು ಕೊಳ್ಳುವಾಗ ಮುಚ್ಚಳದ ಸೀಲು ನೋಡಿ. ಅಪರಿಚಿತರು ಕೊಡುವ ತಿಂಡಿ, ಪಾನೀಯವನ್ನು ವಿನಯದಿಂದ ಬೇಡವೆನ್ನಿ.

ಮಲ್ಪೆ, ಕಾಪು ಕಡಲತೀರಗಳಿಗೆ ಹೋದರೆ ಜನರಿರುವ ಹೊತ್ತಿನಲ್ಲಿ ಹೋಗಿ, ನೀರಿಗಿಳಿಯಬೇಡಿ. ಒಬ್ಬರೇ ಇರುವಾಗ ಅಲೆ ಎಳೆದರೆ ಕೂಗಲು ಪಕ್ಕದಲ್ಲಿ ನಮ್ಮವರಿರುವುದಿಲ್ಲ.

ಮೂರನೆಯ ಮೆಟ್ಟಿಲು: ಮೈಸೂರು ಮತ್ತು ಶ್ರೀರಂಗಪಟ್ಟಣ, ಒಂದು ರಾತ್ರಿ

ಎರಡು ಮೆಟ್ಟಿಲು ದಾಟಿದವರಿಗೆ ರಾತ್ರಿ ತಂಗುವ ಮೊದಲ ಊರಾಗಿ ಮೈಸೂರು ಒಳ್ಳೆಯದು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ ಸ್ವಚ್ಛ ನಗರಗಳಲ್ಲಿ ಮೊದಲ ಸ್ಥಾನ ಪಡೆದ ಊರದು. ಕನ್ನಡ ನಡೆಯುತ್ತದೆ, ಉರ್ದು ಮಾತನಾಡುವವರೂ ಬೇಕಾದಷ್ಟಿದ್ದಾರೆ. ಸರಕಾರಿ ಕೆ.ಆರ್. ಆಸ್ಪತ್ರೆ ನಗರದ ನಡುವಿನಲ್ಲಿದೆ. ಅರಮನೆ ಮತ್ತು 1892ರಷ್ಟು ಹಳೆಯ ಮೃಗಾಲಯ ದಿನವಿಡೀ ಜನರಿರುವ, ಕಾವಲಿರುವ ಜಾಗಗಳು. ಮೃಗಾಲಯಕ್ಕೆ ಮಂಗಳವಾರ ರಜೆ.

ಅಲ್ಲಿಂದ ಸುಮಾರು 15 ಕಿಲೋಮೀಟರಿನಲ್ಲಿ ಶ್ರೀರಂಗಪಟ್ಟಣ. ಹೈದರಾಲಿ, ಟಿಪ್ಪು ಸುಲ್ತಾನ್ ಮತ್ತು ಟಿಪ್ಪುವಿನ ತಾಯಿ ದಫನ್ ಆಗಿರುವ ಗುಂಬಜ್, 1784ರ ದರಿಯಾ ದೌಲತ್, ಎರಡು ಮಿನಾರಗಳ ಮಸ್ಜಿದೆ ಆಲಾ ಇವನ್ನೆಲ್ಲ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ನೋಡಿ ಮುಗಿಸಬಹುದು.

ಮಂಗಳೂರಿನಿಂದ ಮೈಸೂರಿಗೆ ಬಸ್ಸು ಸುಳ್ಯ, ಸಂಪಾಜೆ, ಮಡಿಕೇರಿಯ ದಾರಿಯಾಗಿ ಹೋಗುತ್ತದೆ. ಬೆಳಗಿನ ಬಸ್ಸೇ ಹಿಡಿಯಿರಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲ. ಗುರುತಿನ ಚೀಟಿ ಕೈಯಲ್ಲಿರಲಿ. ನಿಟ್ಟೆ, ಕಾರ್ಕಳ ಭಾಗದಲ್ಲಿ ಹೆಚ್ಚಾಗಿ ಓಡುವ ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಘಾಟಿಯ ತಿರುವುಗಳಲ್ಲಿ ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕುಳಿತು ದೂರದ ದಾರಿಯತ್ತ ನೋಡಿ, ಮೊಬೈಲ್ ಒಳಗಿಡಿ. ಎಣ್ಣೆಯ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಶುಂಠಿ ಬಾಯಲ್ಲಿಡುವುದು ಹಲವರಿಗೆ ಹಿತವಾಗುತ್ತದೆ. ವಾಂತಿಯ ಮಾತ್ರೆಗಳಲ್ಲಿ ಅನೇಕವು ನಿದ್ದೆ ಬರಿಸುತ್ತವೆ. ಮನೆಯವರು ಜೊತೆಗಿದ್ದಾಗ ಅದು ತೊಂದರೆಯಲ್ಲ. ಒಬ್ಬರೇ ಇರುವಾಗ ಬ್ಯಾಗಿನ ಮೇಲೆ ಎಚ್ಚರ ತಪ್ಪುತ್ತದೆ, ಇಳಿಯುವ ನಿಲ್ದಾಣವೂ ತಪ್ಪೀತು. ವೈದ್ಯರಲ್ಲಿ ಕೇಳಿ, ಆ ಮಾತ್ರೆಯನ್ನು ಮನೆಯಲ್ಲಿರುವಾಗ ಒಮ್ಮೆ ತೆಗೆದುಕೊಂಡು ನೋಡಿ.

ತಂಗಲು ಸಂಬಂಧಿಕರ ಮನೆಯಿದ್ದರೆ ಮೊದಲ ಬಾರಿಗೆ ಅದೇ ಉತ್ತಮ. ಇಲ್ಲದಿದ್ದರೆ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಹೊಟೇಲಿನಂಥ ಕಡೆ ಮೊದಲೇ ಕೋಣೆ ಗೊತ್ತುಮಾಡಿ. ಕೋಣೆಗೆ ಹೋದ ಕೂಡಲೇ ಚಿಲಕ, ಕಿಟಕಿ, ಬಚ್ಚಲಿನ ನೀರು, ಹಾಸಿಗೆಯ ಮೂಲೆ ನೋಡಿ. ಚಿಲಕ ಸರಿಯಿಲ್ಲದಿದ್ದರೆ ಸಂಕೋಚಪಡದೆ ಬೇರೆ ಕೋಣೆ ಕೇಳಿ.

ಮೊದಲ ಬಾರಿಗೆ ಬೇಡ

ಆಗುಂಬೆಯ ಜಲಪಾತ, ಕುದುರೆಮುಖದ ಚಾರಣ, ಕೊಡಚಾದ್ರಿ ಚೆಲುವಾದ ಜಾಗಗಳೇ. ಆದರೆ ಆರು ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಇಲ್ಲ ಎಂಬ ಉತ್ತರ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಬಂಡೆಯಿಂದ ಜಾರಿ ಪ್ರಾಣ ಕಳೆದುಕೊಂಡ. ಪಕ್ಕದಲ್ಲಿ ಸ್ನೇಹಿತನಿದ್ದೂ ಏನೂ ಮಾಡಲಾಗಲಿಲ್ಲ. ಮಳೆಗಾಲದಲ್ಲಿ ಒಬ್ಬರೇ ಅಂಥಲ್ಲಿಗೆ ಹೋಗುವುದು ಧೈರ್ಯವಲ್ಲ.

ಮಲೆನಾಡಿನ ಕಾಡಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಹುಳದ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ವರೆಗೆ ಅದರ ಹಾವಳಿ ಹೆಚ್ಚು.

ಚೀಲದಲ್ಲಿ ಏನಿರಬೇಕು?

ಒಂದು ಲೀಟರ್ ನೀರು, ಸಣ್ಣ ಮಗ್ಗು, ಸೋಪಿನ ಹಾಳೆ ಅಥವಾ ಸಣ್ಣ ಸೋಪು, ಒಣ ಬಟ್ಟೆ. ದಿನ ಹತ್ತಿರವಿಲ್ಲದಿದ್ದರೂ ನಾಲ್ಕು ಪ್ಯಾಡ್ ಮತ್ತು ಹಳೆಯ ಕಾಗದ, ಏಕೆಂದರೆ ಪ್ರಯಾಣದಲ್ಲಿ ಮುಟ್ಟು ಮುಂಚೆ ಬರುವುದುಂಟು. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಎರಡು ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಚಮಚ ತಲೆತಟ್ಟಿ ಅಳೆದು ಕದಡಿಕೊಳ್ಳಿ.

ದಮ್ಮು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಎರಡು ದಿನ ಹೆಚ್ಚಿಗೆ ಆಗುವಷ್ಟು ಔಷಧಿಯನ್ನು ಕೈಚೀಲದಲ್ಲೇ ಇಡಿ, ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಬೇಡ. ಸಕ್ಕರೆ ಕಾಯಿಲೆಯವರ ಬಳಿ ಸಿಹಿಯೂ ಇರಲಿ. ಕಾಯಿಲೆ, ಔಷಧಿ, ರಕ್ತದ ಗುಂಪು, ಮನೆಯ ಫೋನ್ ನಂಬರು ಬರೆದ ಚೀಟಿ ಪರ್ಸಿನಲ್ಲಿರಲಿ. ಮೊಬೈಲ್ ಲಾಕ್ ಆಗಿದ್ದರೂ ಚೀಟಿಯನ್ನು ಓದಬಹುದು. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರೈಲಿನಲ್ಲಿ 139, ಮಹಿಳಾ ಸಹಾಯವಾಣಿ 181 ಇವು ನೆನಪಿನಲ್ಲಿರಲಿ.

ಮನೆಯವರಿಗೆ ಎರಡು ಮಾತು

ಹೊರಟವರಿಗೆ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿದರೆ ಬ್ಯಾಟರಿ ಮುಗಿಯುತ್ತದೆ, ಧೈರ್ಯವೂ ಮುಗಿಯುತ್ತದೆ. ಬಸ್ಸು ಹತ್ತಿದಾಗ, ಊಟವಾದಾಗ, ತಲಪಿದಾಗ ಒಂದೊಂದು ಕರೆ ಎಂದು ಮೊದಲೇ ಮಾತಾಡಿಕೊಳ್ಳಿ. ಕರೆ ಬಂದಾಗ "ಯಾಕೆ ತಡವಾಯಿತು?" ಎನ್ನುವ ಬದಲು "ನೀರು ಕುಡಿದೆಯಾ? ಬಾತ್‌ರೂಮಿಗೆ ಹೋದೆಯಾ?" ಎಂದು ಕೇಳಿ. ಆ ಪ್ರಶ್ನೆಯನ್ನು ಮನೆಯವರೇ ಸಹಜವಾಗಿ ಕೇಳಿದರೆ ಮಕ್ಕಳ ನಾಚಿಕೆ ಅರ್ಧ ಕಡಿಮೆಯಾಗುತ್ತದೆ.

ಮರಳಿ ಬಂದ ಎರಡು ವಾರದೊಳಗೆ ಜ್ವರ ಬಂದರೆ ಬರೀ ದಣಿವೆಂದು ಬಿಡಬೇಡಿ. ಡೆಂಗಿ, ಮಲೇರಿಯಾ, ಇಲಿಜ್ವರ ಎಲ್ಲವೂ ಮೊದಲು ಸಾಧಾರಣ ಜ್ವರದಂತೆಯೇ ಕಾಣುತ್ತವೆ. ವೈದ್ಯರ ಬಳಿ ಹೋದಾಗ ಯಾವ ಊರಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನೂ ಹೇಳಿ. ಜ್ವರ ಇಳಿದು ಮೈ ಚೇತರಿಸಿಕೊಂಡ ಮೇಲೆ, ಮುಂದಿನ ಮೆಟ್ಟಿಲಿಗೆ ದಿನ ಗೊತ್ತುಮಾಡಿ.