ಹಲಗಿ ತರೋ ಮೊದಲು ಬಿಟ್ ಅಳೀರಿ

ತಾಂಬಾದಿಂದ ಮಾತಾಡ್ಲಿಕತ್ತೀನಿ. ಇವತ್ತು ಗೋಡೆಗೆ ಹೊಡಿಯೋ ಕಟ್ಟಿಗಿ ಪ್ಯಾನೆಲಿಂಗ್ ಬಗ್ಗೆ, ಅಂದ್ರ ಟಂಗ್ ಆ್ಯಂಡ್ ಗ್ರೂವ್. ಒಂದು ಹಲಗಿಯ ಅಂಚಿನಾಗ ನಾಲಿಗಿ, ಪಕ್ಕದ ಹಲಗಿಯೊಳಗ ಅದು ಕೂಡೋ ಗ್ರೂವ್, ಅಷ್ಟೇ. ಮೊದಲು ಬಡಿಗ್ಯಾರು ಇದನ್ನ ರಂದಾ ಹಿಡಿದು ಕೈಲೇ ತೆಗೀತಿದ್ರು. ಈಗ ರೂಟರ್‌ಗೆ ಎರಡು ಬಿಟ್‌ಗಳ ಜೋಡಿ ಸಿಗ್ತದ. ಜೋಡಿಯಾಗೇ ತಗೋರಿ. ಬೇರೆಬೇರೆ ತಂದ್ರ ನಾಲಿಗಿ ದಪ್ಪ, ಗ್ರೂವ್ ಸಣ್ಣ ಅಂತ ತಾಳ ತಪ್ಪತದ.

ನಾನು ಓದಿದ್ದು ಕಾಮರ್ಸ್, ಹಂಗಾಗಿ ಮೊದಲು ಲೆಕ್ಕ. ಗೋಡೆ ಅಗಲ 2400 ಎಂ.ಎಂ., ಹಲಗಿ ಅಗಲ 100 ಎಂ.ಎಂ. ಇದ್ರ 24 ಹಲಗಿ ಸಾಕು ಅನ್ನಸ್ತದ. ಆದ್ರ ನಾಲಿಗಿ 9 ಎಂ.ಎಂ. ಒಳಗ ಹೋತಂದ್ರ ಕಣ್ಣಿಗೆ ಕಾಣೋದು 91 ಮಾತ್ರ. ಭಾಗಿಸಿ ನೋಡ್ರಿ, 27 ಹಲಗಿ ಬೇಕು. ಸಾಗವಾನಿ ಆದ್ರ ಆ ಮೂರು ಹಲಗಿ ಜೇಬಿಗೆ ಸರಿಯಾಗೇ ಹೊಡೀತಾವು.

ಇನ್ನ ಬಿಟ್‌ನ ದಂಡಿ, ಅಂಗಡ್ಯಾಗ ಶ್ಯಾಂಕ್ ಅಂತಾರಲ್ಲ, ಅದು. ಕಾಲಿಂಚು ಅಂದ್ರ 6.35 ಎಂ.ಎಂ. 6 ಎಂ.ಎಂ. ಶ್ಯಾಂಕ್ ಬ್ಯಾರೆ. ಕಾಲಿಂಚಿನ ಕೋಲೆಟ್‌ನಾಗ 6 ಎಂ.ಎಂ. ಬಿಟ್ ಹಾಕಿ ಬಿಗಿ ಮಾಡಿದ್ರೂ ಅದು ಜಾರಿ ಹೊರಗ ಹಾರಬಹುದು. ಕಣ್ಣು ಹೋಗೋ ಮಾತಿದು, ನಗಬ್ಯಾಡ್ರಿ. ಈ ಜೋಡಿ ಬಿಟ್‌ಗಳು ಅಗಲ ಇರ್ತಾವು. ಕೈಯಾಗ ಹಿಡಿಯೋ ಸಣ್ಣ ಟ್ರಿಮ್ಮರ್‌ಗೆ ಹಾಕಬ್ಯಾಡ್ರಿ. ಅರ್ಧ ಇಂಚಿನ ಶ್ಯಾಂಕ್, ಟೇಬಲ್‌ಗೆ ಕೂಡಿಸಿದ ರೂಟರ್, ವೇಗ ಇಳಿಸಿ, ಕನ್ನಡಕ ಹಾಕ್ಕೊಂಡು ಮಾಡ್ರಿ.

ಕೊರಿಯೋವಾಗ ಎಲ್ಲಾ ಹಲಗಿಗಳ ಚಂದದ ಮುಖ ಒಂದೇ ಕಡೆ, ಟೇಬಲ್ ಮ್ಯಾಲೆ ಬೋರಲು ಇಡ್ರಿ. ಆಗ ಗ್ರೂವ್ ಸರಿ ನಡುವೆ ಬರದಿದ್ರೂ ನಡೀತದ, ನಾಲಿಗಿನೂ ಅದೇ ಎತ್ತರಕ್ಕ ಹೊಂದಿಸಿದ್ರ ಮುಂದಿನ ಮುಖ ಸಮ ಕೂಡ್ತದ. ಮೊದಲು ಎರಡು ಹಾಳು ತುಂಡಿನ ಮ್ಯಾಲೆ ಕೊರದು ಜೋಡಿಸಿ ನೋಡ್ರಿ. ಸುತ್ತಿಗಿ ಬೇಕಾದ್ರ ಬಿಗಿ ಆತು, ಅಲುಗಾಡಿದ್ರ ಸಡಿಲ.

ಫೆವಿಕಾಲ್ ಜೋಡಣಿಯೊಳಗ ಮಾತ್ರ ಹಚ್ಚಬ್ಯಾಡ್ರಿ. ನಮ್ಮ ಕಡೆ ಬ್ಯಾಸಿಗಿ 40 ಡಿಗ್ರಿ ದಾಟ್ತದ, ಕಟ್ಟಿಗಿ ಅಗಲಕ್ಕ ಕುಗ್ಗತದ. ಮಳಿಗಾಲಕ್ಕ ಮತ್ತ ಹಿಗ್ಗತದ. ಅಂಟು ಹಿಡಿದಿದ್ರ ಹಲಗಿ ಸೀಳತದ. ಗ್ರೂವ್ ಆಳ ನಾಲಿಗಿಗಿಂತ ಒಂದು ಎಂ.ಎಂ. ಹೆಚ್ಚಿರಲಿ. ಬ್ಯಾಸಿಗ್ಯಾಗ ಕೂಡಿಸಿದ್ರ ಹಲಗಿ ನಡುವೆ ಕೂದಲೆಳಿಯಷ್ಟು ಸಂದು ಬಿಡ್ರಿ, ಗೋಡೆಯ ಎರಡೂ ತುದಿಗೂ ಸ್ವಲ್ಪ ಜಾಗ ಇರಲಿ, ಅದನ್ನ ಪಟ್ಟಿ ಹೊಡೆದು ಮುಚ್ಚಬಹುದು. ಮೊಳಿ ನಾಲಿಗಿ ಬುಡಕ್ಕ ಓರೆಯಾಗಿ ಹೊಡೀರಿ. ಮುಂದಿನ ಹಲಗಿ ಬಂದು ಅದನ್ನ ಮುಚ್ಚತದ.