ಪುಸ್ತಕ ಒಳಗೆ ಬಿಡ್ತಾರೆ, ಆದರೂ ಫೇಲ್ ಆಗ್ತೀವಿ: ವಕೀಲರ ಪರೀಕ್ಷೆಗೆ ಓದುವುದು ಹೇಗೆ?

ರವೀಂದ್ರನಗರದಲ್ಲಿ ನಾನಿರುವ ಬೀದಿಯಲ್ಲೇ ರೂಮು ಮಾಡಿಕೊಂಡು ಕಾನೂನು ಓದುತ್ತಿರುವ ನಾಲ್ಕೈದು ಹುಡುಗರಿದ್ದಾರೆ. ಸಿಕ್ಕಾಗಲೆಲ್ಲ ಒಂದೇ ಮಾತು: ‘ಸರ್, ಎಐಬಿಇಗೆ ಓದೋದೇನಿದೆ? ಪುಸ್ತಕ ಒಳಗೆ ಬಿಡ್ತಾರಲ್ಲ?’

ನಾನೂ ಹಾಗೇ ಅಂದುಕೊಂಡಿದ್ದೆ. 2023ರ ಆಗಸ್ಟ್‌ನಲ್ಲಿ ಸನ್ನದು ಪಡೆದು, ಡಿಸೆಂಬರ್ 10ರಂದು ಅಖಿಲ ಭಾರತ ವಕೀಲರ ಪರೀಕ್ಷೆ ಬರೆಯಲು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಬ್ಯಾಗಿನ ತುಂಬ ಹೊಸ ಬೇರ್ ಆ್ಯಕ್ಟ್‌ಗಳು. ಫಲಿತಾಂಶ ಬಂದಾಗ ಫೇಲ್. ಮನೆಯಲ್ಲಿ ಅಪ್ಪ ಕೇಳಿದ್ದು ಇಷ್ಟೇ: ‘ಪುಸ್ತಕ ನೋಡಿ ಬರೆಯೋ ಪರೀಕ್ಷೆ ಅಂದಿದ್ದೆಯಲ್ಲೋ?’ ಉತ್ತರ ಇರಲಿಲ್ಲ.

ಈಗ ಇದೆ. ಪುಸ್ತಕ ಕೈಯಲ್ಲಿತ್ತು, ಆದರೆ ಮೂರು ವರ್ಷದ ಕೋರ್ಸಿನಲ್ಲಿ ಅದನ್ನು ತೆರೆದು ನೋಡುವ ಅಭ್ಯಾಸವೇ ಆಗಿರಲಿಲ್ಲ. ನಾವು ಸೆಮಿಸ್ಟರ್ ದಾಟಿದ್ದು ಗೈಡು, ನೋಟ್ಸು, ಹಳೇ ಪ್ರಶ್ನೆಪತ್ರಿಕೆಗಳ ಬಲದಿಂದ.

ಪರೀಕ್ಷೆ ಯಾಕೆ, ಹೇಗೆ?

ಭಾರತೀಯ ವಕೀಲರ ಪರಿಷತ್ತು ಈ ಪರೀಕ್ಷೆಯನ್ನು 2010ರಲ್ಲಿ ಜಾರಿಗೆ ತಂದಿತು. ಮೊದಲ ಪರೀಕ್ಷೆ ನಡೆದದ್ದು 2011ರ ಮಾರ್ಚ್‌ನಲ್ಲಿ. ಡಿಗ್ರಿ ಪಡೆದವರಿಗೆ ಮತ್ತೊಂದು ಪರೀಕ್ಷೆ ಯಾಕೆ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2023ರ ಫೆಬ್ರುವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಪರೀಕ್ಷೆಯನ್ನು ಎತ್ತಿಹಿಡಿಯಿತು.

ಇಲ್ಲಿರೋದು 100 ಬಹು ಆಯ್ಕೆ ಪ್ರಶ್ನೆಗಳು, ಮೂರೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರು ಶೇ 45, ಪರಿಶಿಷ್ಟರು ಮತ್ತು ಅಂಗವಿಕಲರು ಶೇ 40 ಪಡೆಯಬೇಕು. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಮಾತ್ರ ಒಳಗೆ ಬಿಡುತ್ತಾರೆ. ಲೆಕ್ಕ ಹಾಕಿ: ಒಂದು ಪ್ರಶ್ನೆಗೆ ಸಿಗೋದು ಎರಡು ನಿಮಿಷ ಆರು ಸೆಕೆಂಡ್. ಅಷ್ಟರಲ್ಲಿ ಪ್ರಶ್ನೆ ಓದಿ, ಸರಿಯಾದ ಪುಸ್ತಕ ಎತ್ತಿ, ಸೆಕ್ಷನ್ ಹುಡುಕಿ, ಗುರುತು ಹಾಕಬೇಕು. ಯಾವ ಅಧ್ಯಾಯ ಎಲ್ಲಿದೆ ಅಂತ ಗೊತ್ತಿಲ್ಲದವನಿಗೆ ಆ ಪುಸ್ತಕ ಬರೀ ಭಾರ.

ಅಂಕಗಳು ಎಲ್ಲಿವೆ?

ಪಠ್ಯಕ್ರಮದಲ್ಲಿ 19 ವಿಷಯಗಳಿವೆ. ನೋಡಿದರೆ ಗಾಬರಿಯಾಗುತ್ತೆ. ಆದರೆ ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ ಮತ್ತು ಕ್ರಿಮಿನಲ್ ಪ್ರಕ್ರಿಯೆಗೆ ತಲಾ 10 ಅಂಕ. ದಂಡ ಕಾನೂನು, ಸಾಕ್ಷ್ಯ, ಕೌಟುಂಬಿಕ ಕಾನೂನು ಮತ್ತು ಕರಾರು–ಆಸ್ತಿ ಗುಂಪಿಗೆ ತಲಾ 8. ಈ ಏಳರಿಂದಲೇ 62 ಅಂಕ. ಕಂಪನಿ, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿ ಕಾನೂನುಗಳಿಗೆ ತಲಾ 2 ಮಾತ್ರ. ಮೊದಲ ಸಲ ನಾನು ಕೊನೆಯ ಎರಡು ವಾರ ಕಳೆದದ್ದು ಇವುಗಳ ಮೇಲೆ!

ಎರಡನೇ ಪ್ರಯತ್ನದ ಹೊತ್ತಿಗೆ ಆಟದ ಅಂಗಳವೇ ಬದಲಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಕೊಲೆಯ 302 ಈಗ 103 ಆಯಿತು, ವಂಚನೆಯ 420 ಈಗ 318. ಇವು ಬೇಗ ಬಾಯಿಗೆ ಬರುತ್ತವೆ. ಕಾಡೋದು ಅದೇ ಸಂಖ್ಯೆ ಬೇರೆ ಅರ್ಥ ಪಡೆದಾಗ. 144 ಅಂದರೆ ನಿಷೇಧಾಜ್ಞೆ ಅಂತ ಶಿವಮೊಗ್ಗದ ಮಕ್ಕಳಿಗೂ ಗೊತ್ತು. ಹೊಸ ಸಂಹಿತೆಯಲ್ಲಿ ನಿಷೇಧಾಜ್ಞೆ 163ಕ್ಕೆ ಹೋಗಿದೆ. 144ರಲ್ಲಿ ಈಗಿರೋದು ಹೆಂಡತಿ, ಮಕ್ಕಳು, ತಂದೆ ತಾಯಿಯ ಜೀವನಾಂಶ. ಹಳೆಯ 482 ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸ 482 ನಿರೀಕ್ಷಣಾ ಜಾಮೀನು. ಹಳೆಯದನ್ನು ಮರೆತುಬಿಡೋಣ ಅಂದರೆ ಅದೂ ಆಗಲ್ಲ. ಜುಲೈ 1ಕ್ಕಿಂತ ಹಿಂದೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಪಠ್ಯಕ್ರಮದಲ್ಲೂ ಎರಡೂ ಇವೆ.

ಕೋರ್ಸಿನೊಳಗೇ ತಯಾರಿ

ಹಾಗಾದರೆ ಯಾವಾಗ ಓದಬೇಕು? ಡಿಗ್ರಿ ಮುಗಿದ ಮೇಲೆ ಅಲ್ಲ. ಆಗ ಸೀನಿಯರ್ ಕಚೇರಿಯ ಕೆಲಸ, ಮನೆಯ ಖರ್ಚು, ಬಾಡಿಗೆ ಎಲ್ಲ ಒಟ್ಟಿಗೆ ಬರುತ್ತವೆ. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನಲ್ಲಿ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಬಹಳ ಜನ ಅದನ್ನು ಡೈರಿಗೆ ಸಹಿ ಹಾಕಿಸುವ ಶಾಸ್ತ್ರ ಮಾಡಿಕೊಂಡಿದ್ದಾರೆ. ಅಸಲಿ ತಯಾರಿ ಅಲ್ಲೇ ಇದೆ.

ನಾನು ಎರಡನೇ ಸಲ ಮಾಡಿದ್ದು ಇದನ್ನೇ. ಹಗಲು ಕೋರ್ಟಿನಲ್ಲಿ ಕೇಳಿದ್ದನ್ನು ಸಂಜೆ ರೂಮಿಗೆ ಬಂದು ಬೇರ್ ಆ್ಯಕ್ಟ್‌ನಲ್ಲಿ ಹುಡುಕುವುದು. ಅಡಿಕೆ ತೋಟದ ಬೇಲಿ ಜಗಳದಲ್ಲಿ ಕಕ್ಷಿದಾರರು ‘ಸ್ಟೇ’ ಅನ್ನೋದು ತಾತ್ಕಾಲಿಕ ಪ್ರತಿಬಂಧಕಾಜ್ಞೆ. ಅದಿರೋದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಲ್ಲಿ. ಪ್ರತಿವಾದಿ ಬಾರದೆ ಏಕಪಕ್ಷೀಯ ಡಿಕ್ರಿಯಾದರೆ ಅದನ್ನು ರದ್ದು ಮಾಡಿಸೋದು ಆದೇಶ 9, ನಿಯಮ 13. ಹೀಗೆ ಒಂದು ಮುಖ ಕಂಡ ಮೇಲೆ ಸೆಕ್ಷನ್ ಮರೆಯಲ್ಲ. ಮೊದಲು ಹತ್ತು ನಿಮಿಷ ಹಿಡಿಯುತ್ತಿದ್ದ ಹುಡುಕಾಟ ಮೂರು ತಿಂಗಳಲ್ಲಿ ಒಂದು ನಿಮಿಷಕ್ಕೆ ಬಂತು. ಪುಸ್ತಕದ ಮುಂದಿರುವ ವಿಷಯಸೂಚಿಯೇ ಅದರ ನಕ್ಷೆ. ಅದನ್ನು ಪಾಠದಂತೆ ಓದಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಮಾತು. ನಮ್ಮ ತಲೆಯಲ್ಲಿ ‘ಜೀವನಾಂಶ’ ಇರುತ್ತೆ, ಕೈಯಲ್ಲಿರುವ ಇಂಗ್ಲಿಷ್ ಪುಸ್ತಕದಲ್ಲಿ ‘ಮೇಂಟೆನೆನ್ಸ್’. ಈ ಸೇತುವೆ ಪರೀಕ್ಷಾ ಕೊಠಡಿಯಲ್ಲಿ ಕಟ್ಟೋಕಾಗಲ್ಲ. ಮೊದಲ ಸೆಮಿಸ್ಟರಿನಿಂದಲೇ ಎರಡೂ ಪದಗಳನ್ನು ಎದುರುಬದುರು ಬರೆದುಕೊಳ್ಳಿ. ತರಗತಿಗೆ ಬೇರ್ ಆ್ಯಕ್ಟ್ ತನ್ನಿ ಅಂತ ಕಾಲೇಜುಗಳೂ ಹೇಳಬೇಕು. ಕಲಿಸದೆ ಬಿಟ್ಟದ್ದನ್ನು ಪರೀಕ್ಷೆ ಕೇಳುತ್ತೆ, ದಂಡ ಕಟ್ಟೋದು ಹುಡುಗರು.

ದಂಡ ಅಂದರೆ ನಿಜವಾಗಿಯೂ ದಂಡವೇ. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸನ್ನದು ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿಗೆ ಇಳಿಯಿತು. ಆದರೆ ಪರೀಕ್ಷಾ ಶುಲ್ಕ 3,500. ಜೂನಿಯರ್ ವಕೀಲನಿಗೆ ಅದು ತಿಂಗಳ ಊಟ. ಅದಕ್ಕಿಂತ ದೊಡ್ಡದು ಗಡುವು: ತಾತ್ಕಾಲಿಕ ಸನ್ನದು ಸಿಕ್ಕ ಎರಡು ವರ್ಷದೊಳಗೆ ಪಾಸಾಗದಿದ್ದರೆ ವಕಾಲತ್ತು ಹಾಕುವಂತಿಲ್ಲ. ನಾನು 2024ರ ಡಿಸೆಂಬರ್ 22ರ ಪರೀಕ್ಷೆಯಲ್ಲಿ ಪಾಸಾದೆ. ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ ನನಗೆ ಉಳಿದಿದ್ದದ್ದು ಐದು ತಿಂಗಳು.

ಒಂದು ಒಳ್ಳೆಯ ಬದಲಾವಣೆ ಆಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಅರ್ಜಿ ಹಾಕಲು ಅವಕಾಶ ಕೊಡಿ ಎಂದಿತು. ಕಾಲೇಜಿನಲ್ಲಿರುವಾಗಲೇ ಬರೆಯುವ ಈ ದಾರಿ ಬಿಡಬೇಡಿ.

ಬೀದಿಯ ಹುಡುಗರಿಗೆ ನಾನೀಗ ಹೇಳೋದು ಇಷ್ಟೇ: ಹೌದಪ್ಪಾ, ಪುಸ್ತಕ ಒಳಗೆ ಬಿಡ್ತಾರೆ. ನಾಳೆ ಸಂಜೆ ನಿನ್ನ ಪುಸ್ತಕ ತಗೊಂಡು ಬಾ, ನಿರೀಕ್ಷಣಾ ಜಾಮೀನು ಎಲ್ಲಿದೆ ತೋರಿಸು. ನಾನು ಗಡಿಯಾರ ಹಿಡಿದು ಕೂತಿರ್ತೀನಿ.